ನನ್ನ ಕೆಮ್ಮು, ಪಬ್‌ಮೆಡ್‌ನ ದಾಖಲೆ

ನಾನು ಐಟಿಐ ಮಾಡಿದ ಎಲೆಕ್ಟ್ರಿಷಿಯನ್. ನಮ್ಮ ಸಂಘದಲ್ಲಿ ಸಾಫ್ಟ್‌ವೇರ್‌ನವರಿಗೇನೂ ಬರವಿಲ್ಲ. ಆದ್ರೂ ಕಂಪ್ಯೂಟರ್ ವಿಷಯ ಮಾತಾಡೋಕೆ ನನ್ನನ್ನ ನಿಲ್ಲಿಸಿದ್ದಾರೆ ಅಂದ್ರೆ ಅದಕ್ಕೆ ನನಗೆ ಬಂದ ಕೆಮ್ಮೇ ಕಾರಣ.

ಹೋದ ವರ್ಷ ಲಾಸ್ ಏಂಜಲೀಸ್ ಕೌಂಟಿಯ ಲ್ಯಾಂಕಾಸ್ಟರ್ ಕಡೆ ಸೋಲಾರ್ ಸೈಟಲ್ಲಿ ಕೇಬಲ್ ಎಳೆಯೋ ಕೆಲಸ ಇತ್ತು. ಮಣ್ಣು ಅಗೆಯೋ ಯಂತ್ರದ ಹಿಂದೆಯೇ ನಾವು. ಪಾವಗಡದ ಧೂಳಲ್ಲಿ ಬೆಳೆದವನಿಗೆ ಇದೇನು ಮಹಾ ಅಂತ ಮಾಸ್ಕ್ ಜೇಬಲ್ಲೇ ಇಟ್ಕೊಂಡಿದ್ದೆ. ಸ್ಯಾನ್ ಡಿಯೇಗೊದ ರೂಮಿಗೆ ಬಂದ ಮೇಲೆ ಜ್ವರ, ರಾತ್ರಿ ಬೆವರು, ಬಿಡದ ಕೆಮ್ಮು. ನ್ಯುಮೋನಿಯಾ ಅಂತ ಎರಡು ಸಲ ಆಂಟಿಬಯಾಟಿಕ್ ಕೊಟ್ಟರು. ಐದು ವಾರ ಆದ್ರೂ ಹೋಗಲಿಲ್ಲ. ಹೋಗದ ದಿನಕ್ಕೆ ಕೂಲಿ ಇಲ್ಲ; ಊರಿಗೆ ಕಳಿಸೋ ದುಡ್ಡೂ ನಿಂತಿತು.

ಸೈಟಿನ ಮೇಸ್ತ್ರಿ ಫೋನಲ್ಲಿ, 'ವ್ಯಾಲಿ ಫೀವರ್ ಇರಬಹುದು, ಕೇಳಿ ನೋಡು' ಅಂದ್ರು.

ರೂಮ್‌ಮೇಟ್ ಪಬ್‌ಮೆಡ್ ತೋರಿಸಿದ. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದ್ದು. 1997ರಿಂದ ಯಾರು ಬೇಕಾದ್ರೂ ಪುಕ್ಕಟೆ ನೋಡಬಹುದು. ಮೂರೂವರೆ ಕೋಟಿಗೂ ಹೆಚ್ಚು ಲೇಖನಗಳ ವಿವರ ಅದರಲ್ಲಿದೆ. ವೆಬ್‌ಸೈಟಲ್ಲೇ ಹುಡುಕಬಹುದು, ನಿಜ. ಆದ್ರೆ ಒಂದೊಂದೇ ಪುಟ ತೆಗೆದು ಓದೋ ತಾಳ್ಮೆ ನನಗಿಲ್ಲ. ಎಲ್ಲ ಒಂದೇ ಫೈಲಿಗೆ ಬಂದ್ರೆ ಬಸ್ಸಲ್ಲಿ ಓದ್ಕೋಬಹುದು. ಅದಕ್ಕೆ ಪೈಥಾನ್‌ನಲ್ಲಿ ಬಯೋಪೈಥಾನ್ ಅಂತ ಲೈಬ್ರರಿ, ಅದರೊಳಗೆ ಎಂಟ್ರೆಜ್ ಅನ್ನೋ ಭಾಗ.

ರೇಷನ್ ಅಂಗಡಿ ಇದ್ದ ಹಾಗೇ. ಇ-ಸರ್ಚ್ ಬರೀ ಟೋಕನ್ ಕೊಡುತ್ತೆ, ಅಂದ್ರೆ ಲೇಖನದ ನಂಬರ್. ಆ ನಂಬರನ್ನ ಇ-ಫೆಚ್‌ಗೆ ಕೊಟ್ರೆ ಶೀರ್ಷಿಕೆ, ಪತ್ರಿಕೆ, ಸಾರಾಂಶ ಸಿಗುತ್ತೆ. ಮೊದಲು ನಮ್ಮ ಇ-ಮೇಲ್ ಹಾಕಬೇಕು. ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಸಲ ಕೇಳಬಾರದು. ನಾವು ಹೇಳದಿದ್ರೆ 20 ನಂಬರ್ ಮಾತ್ರ ಕೊಡುತ್ತೆ. ಲೋಕದಲ್ಲಿ ಇರೋದೇ ಇಪ್ಪತ್ತು ಅಂತ ನಾನು ಎರಡು ದಿನ ನಂಬಿದ್ದೆ. 'ವ್ಯಾಲಿ ಫೀವರ್' ಅಂತ ಹಾಕಿದ್ರೆ ಆಫ್ರಿಕಾದ ದನಕುರಿಗಳಿಗೆ ಬರೋ ರಿಫ್ಟ್ ವ್ಯಾಲಿ ಫೀವರ್ ಕೂಡ ನುಗ್ಗಿತು, ಅದು ಬೇರೆಯೇ ಕಾಯಿಲೆ. ನಾಲಗೆ ಹೊರಳದ ಹೆಸರು ಹಾಕಬೇಕಾಯ್ತು: ಕಾಕ್ಸಿಡಿಯಾಯ್ಡೋಮೈಕೋಸಿಸ್. ಅದರ ಜೊತೆ 'ವರ್ಕರ್ಸ್' ಅಂತ ಸೇರಿಸಿದೆ.

ಆಗ ಸಿಕ್ಕಿತು ನೋಡಿ, ನಮ್ಮಂಥವರ ಕಥೆ. ಸ್ಯಾನ್ ಲೂಯಿಸ್ ಒಬಿಸ್ಪೊ ಕೌಂಟಿಯ ಎರಡು ಸೋಲಾರ್ ಸೈಟಲ್ಲಿ 3,572 ಕೆಲಸಗಾರರು. 2011ರಿಂದ 2014ರೊಳಗೆ 44 ಜನಕ್ಕೆ ಇದೇ ಕಾಯಿಲೆ. 2015ರಲ್ಲಿ ಅಚ್ಚಾದ ಲೇಖನ, ಪೂರ್ತಿ ಓದೋಕೂ ಪುಕ್ಕಟೆ. ಇನ್ನೊಂದು ದಾಖಲೆ 1994ರ ನಾರ್ತ್‌ರಿಡ್ಜ್ ಭೂಕಂಪದ್ದು. ಗುಡ್ಡ ಕುಸಿದು ಎದ್ದ ಧೂಳಿಂದ ಪಕ್ಕದ ವೆಂಚುರಾ ಕೌಂಟಿಯಲ್ಲಿ 203 ಜನ ಮಲಗಿದ್ರು, ಮೂವರು ತೀರಿಕೊಂಡ್ರು. ಮಣ್ಣಲ್ಲಿರೋ ಶಿಲೀಂಧ್ರ ಇದು. ಬ್ಯಾಕ್ಟೀರಿಯಾಕ್ಕೆ ಕೊಡೋ ಆಂಟಿಬಯಾಟಿಕ್ ಅದರ ಮೇಲೆ ನಡೆಯಲ್ಲ.

ಸಾರಾಂಶ ಓದಿ ನಾನೇ ಡಾಕ್ಟರ್ ಆಗಲಿಲ್ಲ ಮತ್ತೆ. ಎರಡೂ ಹಾಳೆ ಪ್ರಿಂಟ್ ತಗೊಂಡು ಹೋಗಿ, 'ನಾನು ಇಂಥ ಸೈಟಲ್ಲಿದ್ದೆ, ಇದರ ರಕ್ತ ಪರೀಕ್ಷೆ ಮಾಡಿಸಬಹುದಾ' ಅಂತ ಕೇಳಿದೆ. ಡಾಕ್ಟರಮ್ಮ ಹಾಳೆ ಪೂರ್ತಿ ಓದಿದ್ರು. 'ಲ್ಯಾಂಕಾಸ್ಟರ್‌ನಲ್ಲಿದ್ದೆ ಅಂತ ಮೊದಲೇ ಯಾಕೆ ಹೇಳಲಿಲ್ಲ' ಅಂದ್ರು. ಯಾರೂ ಕೇಳಿರಲಿಲ್ಲ, ನನಗೂ ಹೊಳೆದಿರಲಿಲ್ಲ. ಪರೀಕ್ಷೆಯಲ್ಲಿ ಅದೇ ಬಂತು. ಔಷಧಿ ಬದಲಾಯ್ತು, ಮೂರು ತಿಂಗಳಿಗೆ ಟೂಲ್ ಬ್ಯಾಗ್ ಹೆಗಲಿಗೇರಿತು. ಒಬ್ಬರಿಂದ ಒಬ್ಬರಿಗೆ ಅಂಟಲ್ಲ ಅಂತ ತೋರಿಸಿದ ಮೇಲೆ ರೂಮ್‌ಮೇಟ್ ಬೇರೆ ಇಟ್ಟಿದ್ದ ನನ್ನ ತಟ್ಟೆಯನ್ನೂ ವಾಪಸ್ ಸೇರಿಸಿದ.

ಊಟದ ಹೊತ್ತಲ್ಲಿ ಲ್ಯಾಪ್‌ಟಾಪ್ ತೆರೆದಿಟ್ಟಿರ್ತೀನಿ. ಕೋಡ್ ಹನ್ನೊಂದು ಸಾಲು, ನಕಲು ಮಾಡ್ಕೊಳ್ಳಿ. ಇ-ಮೇಲ್ ಜಾಗದಲ್ಲಿ ಮಾತ್ರ ನಿಮ್ಮದು ಹಾಕಿ, ನಂದಲ್ಲ.