ಲಸಿಕೆಯ ಅನಂತರದ ಅರ್ಧ ಗಂಟೆ



ಹಂಪಿಯ ಬಜಾರನ್ನು ನಿಮ್ಮಲ್ಲಿ ಹಲವರು ನೋಡಿರುವಿರಿ. ವಿರೂಪಾಕ್ಷನ ಗೋಪುರದೆದುರಿನ ಆ ಸಾಲುಮಂಟಪಗಳಲ್ಲಿ 2011ರವರೆಗೆ ಅನೇಕ ಸಂಸಾರಗಳು ಬಾಳುತ್ತಿದ್ದವು. ಸಮೀಪದಲ್ಲಿಯೇ ತುಂಗಭದ್ರೆ, ಬಾಳೆಯ ತೋಟಗಳ ನಡುವೆ ವಿಜಯನಗರದರಸರ ಕಾಲದ ತುರ್ತಾ ಕಾಲುವೆ ಇಂದಿಗೂ ಹರಿಯುತ್ತಿದೆ. ಯಾತ್ರಿಕರಿಗೆ ರಮ್ಯವಾದ ಈ ನೀರೇ ಆ ಸೀಮೆಯ ತಾಯಂದಿರಿಗೆ ದಿನನಿತ್ಯದ ದಿಗಿಲು.

ಅಂತಹ ತಾಯಿ ಆಸ್ಪತ್ರೆಗೆ ಬಂದಾಗ, "ಮಗುವನ್ನು ಜೋಪಾನವಾಗಿ ನೋಡಿಕೊಳ್ಳಿ" ಎಂದು ಹೇಳಿ ಕಳುಹಿಸುವುದುಂಟು. ಈ ಮಾತಿನಿಂದ ಪ್ರಯೋಜನವಿದೆಯೆಂದು ನನಗೆ ತೋರದು. ಯಾವ ತಾಯಿ ತಾನೇ ಅಜಾಗರೂಕಳಾಗಿರಲು ಬಯಸುವಳು? ಯಾವ ವಯಸ್ಸಿನಲ್ಲಿ ಯಾವ ಅಪಾಯವೆಂಬುದು ಆಕೆಗೆ ತಿಳಿಯಬೇಕು.

ಅದನ್ನು ತಿಳಿಸಲು ಹೊತ್ತೆಲ್ಲಿ ಎನ್ನುವಿರಾ? ಲಸಿಕೆ ಹಾಕಿಸಿದ ಮೇಲೆ ಮಗುವನ್ನು ಅರ್ಧ ಗಂಟೆ ಅಲ್ಲಿಯೇ ಇರಿಸಿಕೊಳ್ಳುವುದು ಪದ್ಧತಿಯಷ್ಟೆ. ಬೆಂಚಿನ ಮೇಲೆ ವ್ಯರ್ಥವಾಗಿ ಕಳೆಯುವ ಆ ಅರ್ಧ ಗಂಟೆಯೇ ಸಾಕು. ಲಸಿಕೆಯ ದಿನಗಳೂ ಅಪಾಯದ ದಿನಗಳೂ ಜೊತೆಜೊತೆಯಾಗಿಯೇ ಬರುತ್ತವೆ. ಒಂಬತ್ತನೆಯ ತಿಂಗಳಲ್ಲಿ ದಡಾರದ ಲಸಿಕೆಗೆ ಬರುವ ಮಗು ಅಂಬೆಗಾಲಿಕ್ಕುತ್ತಿರುತ್ತದೆ. ಬಚ್ಚಲಿನ ಬಕೆಟ್ಟಿನ ಗೇಣು ನೀರು ಅದಕ್ಕೆ ಮಡುವಿಗೆ ಸಮಾನ. ತಲೆಕೆಳಗಾಗಿ ಬಿದ್ದರೆ ಏಳುವ ಶಕ್ತಿಯಿಲ್ಲ, ಕೂಗಲೂ ಆಗದು. ಒಂದೂವರೆ ವರ್ಷದ ಸುಮಾರಿಗೆ ಮತ್ತೆ ಬಂದಾಗ ಅದರ ಕೈ ಒಲೆಯ ಮೇಲಿನ ಪಾತ್ರೆಗೂ, ಸೋಡಾ ಬಾಟಲಿಯಲ್ಲಿ ತುಂಬಿಟ್ಟ ಸೀಮೆಯೆಣ್ಣೆಗೂ ಎಟುಕುತ್ತದೆ. ಐದು ವರ್ಷ ತುಂಬಿ ಬರುವ ಹೊತ್ತಿಗೆ ಓರಗೆಯವರೊಡನೆ ಕಾಲುವೆಯ ದಂಡೆಗೆ ಹೊರಟಿರುತ್ತದೆ. ಓರಗೆಯವರ ಕಾವಲು ಕಾವಲಲ್ಲ. ಅಮೆರಿಕದ ಮಕ್ಕಳ ವೈದ್ಯರ ಸಂಘವು ಹೀಗೆ ವಯಸ್ಸಿಗೆ ತಕ್ಕಂತೆ ಹೇಳಿಕೊಡುವ ಕ್ರಮವೊಂದನ್ನು 1983ರಲ್ಲಿಯೇ ಏರ್ಪಡಿಸಿತು.

ಒಂದು ದಿನಕ್ಕೆ ಎರಡೇ ಮಾತು ಹೇಳಿದರೆ ಸಾಕು. ಬಕೆಟ್ಟು ಬರಿದುಮಾಡಿ ಬೋರಲು ಹಾಕಿ. ಸುಟ್ಟ ಗಾಯಕ್ಕೆ ಶಾಯಿ ಬಳಿಯದೆ 20 ನಿಮಿಷ ತಣ್ಣೀರು ಹರಿಯಬಿಡಿ. ಬಳಿಕ, "ಮನೆಗೆ ಹೋಗಿ ನಿಮ್ಮ ಅತ್ತೆಯವರಿಗೆ ಏನು ಹೇಳುವಿರಮ್ಮ?" ಎಂದು ದಾದಿಯು ಕೇಳಬೇಕು. ಆಕೆಯ ಉತ್ತರದಲ್ಲಿಯೇ ಪಾಠವು ನಾಟಿತೋ ಇಲ್ಲವೋ ಗೊತ್ತಾಗುವುದು.

ಇನ್ನೊಂದು ಮಾತು. ಮಗು ಸೀಮೆಯೆಣ್ಣೆ ಕುಡಿದಿತೆಂದು ಓಡಿಬಂದ ತಾಯಿಯನ್ನು ದಯವಿಟ್ಟು ಗದರಬೇಡಿ. ಗದರಿಕೆಗೆ ಅಂಜಿದವಳು ಮತ್ತೊಮ್ಮೆ ಅಂತಹದು ನಡೆದರೆ ಮನೆಯಲ್ಲಿಯೇ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ನೋಡುವಳು. ಹೊಟ್ಟೆಯಲ್ಲಿದ್ದ ಎಣ್ಣೆಯು ಶ್ವಾಸಕೋಶವನ್ನು ಹೊಗುವುದು ಆ ವಾಂತಿಯಿಂದಲೇ.