ವಿಜ್ಞಾನದ ತರಗತಿಗೆ ಬಂದ ಮಕ್ಕಳಿಗೆ

(ಆರು, ಏಳು ಮತ್ತು ಎಂಟನೆಯ ತರಗತಿಯ ಮಕ್ಕಳಿಗಾಗಿ ಸಂಘವು ಹೈದರಾಬಾದಿನಲ್ಲಿ ನಡೆಸುವ ಭಾನುವಾರದ ವಿಜ್ಞಾನ ತರಗತಿಯ ಪ್ರಾರಂಭದ ದಿನ, ಶಿಕ್ಷಕರ ಪರವಾಗಿ ಮಾಡಿದ ಭಾಷಣ)



ಭಾನುವಾರ ಮಧ್ಯಾಹ್ನ ಮೂರು ಗಂಟೆಯೆಂದರೆ ಹೋಟೆಲಿನವರಿಗೆ ಊಟದ ಗದ್ದಲ ಮುಗಿದು ಸಂಜೆಯ ತಿಂಡಿಯ ಕೆಲಸ ಹತ್ತುವ ನಡುವಿನ ಸ್ವಲ್ಪ ಬಿಡುವು. ರಾತ್ರಿ ಪಾಳಿ ಮುಗಿಸಿ ಬಂದ ಗಿರಣಿಯವರಿಗೆ ಕಣ್ಣು ಮುಚ್ಚುವ ಹೊತ್ತು. ಆ ಬಿಡುವನ್ನೂ ನಿದ್ದೆಯನ್ನೂ ಬಿಟ್ಟು ನೀವು ಮಕ್ಕಳ ಕೈಹಿಡಿದು ಬಂದಿದ್ದೀರಿ. ಅದರ ಬೆಲೆ ನಮಗೆ ಗೊತ್ತಿದೆ. ಆದುದರಿಂದ ಇಲ್ಲಿ ಏನು ನಡೆಯುತ್ತದೆ, ಮಕ್ಕಳಿಂದ ನಾವು ಏನನ್ನು ನಿರೀಕ್ಷಿಸುತ್ತೇವೆ, ನಿಮ್ಮಲ್ಲಿ ಏನನ್ನು ಬೇಡುತ್ತೇವೆ ಎಂಬುದನ್ನು ಮೊದಲ ದಿನವೇ ಬಿಚ್ಚಿ ಹೇಳುವುದು ನಮ್ಮ ಧರ್ಮ.

ಮಕ್ಕಳೇ, ಶಾಲೆಯ ಪಾಠವನ್ನೇ ಇನ್ನೊಮ್ಮೆ ಉರು ಹೊಡೆಸಿ ಪರೀಕ್ಷೆಗೆ ಸಿದ್ಧಮಾಡುವ ಟ್ಯೂಷನ್ ಇದಲ್ಲ. ನಿಮ್ಮಲ್ಲಿ ಕೆಲವರು ಇಂಗ್ಲಿಷಿನಲ್ಲಿ, ಕೆಲವರು ತೆಲುಗಿನಲ್ಲಿ, ಕೆಲವರು ಉರ್ದುವಿನಲ್ಲಿ ಪಾಠ ಕೇಳುತ್ತೀರಿ. ಕಾಚಿಗುಡದಲ್ಲಿ ನೃಪತುಂಗ ಶಾಲೆಯಂಥ ಕನ್ನಡಿಗರ ವಿದ್ಯಾಸಂಸ್ಥೆಯಿರುವುದು ನಮ್ಮೆಲ್ಲರ ಭಾಗ್ಯ. ಆದರೆ ಎಲ್ಲರಿಗೂ ಅದು ಹತ್ತಿರವಲ್ಲ. ಇಲ್ಲಿ ನಾವು ಕನ್ನಡದಲ್ಲಿ ಮಾತಾಡೋಣ. ಯಾವ ಭಾಷೆಯಲ್ಲಿ ಅಮ್ಮನೊಡನೆ ಜಗಳವಾಡುತ್ತೀರೋ ಆ ಭಾಷೆಯಲ್ಲಿ ಪ್ರಶ್ನೆ ಕೇಳುವುದು ಸುಲಭ.

ಈ ತರಗತಿಯಲ್ಲಿ ಒಂದೇ ಒಂದು ದೊಡ್ಡ ನಿಯಮವಿದೆ. ಕಂಡದ್ದನ್ನು ಕಂಡಂತೆ ಬರೆಯಬೇಕು. ಇದು ಹೇಳುವುದಕ್ಕೆ ಸುಲಭ, ನಡೆಸುವುದಕ್ಕೆ ಬಹಳ ಕಷ್ಟ. ಹೇಗೆಂದು ಹೇಳುತ್ತೇವೆ, ಕೇಳಿರಿ.

ನೀರು 100 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುತ್ತದೆ ಎಂದು ನಿಮ್ಮ ಪುಸ್ತಕದಲ್ಲಿದೆ. ಮುಂದಿನ ಭಾನುವಾರ ನೀವೇ ನೀರು ಕಾಯಿಸಿ ಥರ್ಮಾಮೀಟರ್ ಇಟ್ಟು ನೋಡುವಿರಿ. ನೀರು ಕೊತಕೊತ ಕುದಿಯುತ್ತಿರುತ್ತದೆ; ಪಾದರಸ ಮಾತ್ರ ಸುಮಾರು 98ರ ಹತ್ತಿರ ನಿಂತುಬಿಡುತ್ತದೆ. ಆಗ ನೀವು ಏನು ಬರೆಯುತ್ತೀರಿ? ಪುಸ್ತಕದ ಭಯದಿಂದ 100 ಎಂದು ಬರೆದರೆ ನಮ್ಮಲ್ಲಿ ಅದಕ್ಕೆ ಸೊನ್ನೆ ಅಂಕ. ನೋಡಿದ್ದು 98 ಆದರೆ 98 ಎಂದೇ ಬರೆಯಿರಿ. ಆಮೇಲೆ, ಥರ್ಮಾಮೀಟರ್ ಕೆಟ್ಟಿದೆಯೋ ಏನೋ ಎಂದು ಇನ್ನೊಂದನ್ನು ಇಟ್ಟು ನೋಡಿರಿ. ಅದೂ ಅದನ್ನೇ ತೋರಿಸಿದರೆ, ಏಕೆ ಹೀಗೆ ಎಂದು ಕೇಳಿರಿ. ವಿಜ್ಞಾನ ಪ್ರಾರಂಭವಾಗುವುದು ಆ 'ಏಕೆ' ಎಂಬಲ್ಲಿ.

ಪುಸ್ತಕ ಸುಳ್ಳು ಹೇಳಿಲ್ಲ. ಅದು ಹೇಳಿರುವುದು ಸಮುದ್ರಮಟ್ಟದ ಲೆಕ್ಕ. ನಮ್ಮ ಹೈದರಾಬಾದು ಸಮುದ್ರಮಟ್ಟಕ್ಕಿಂತ 500 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಮೇಲೆ ಹೋದಂತೆ ನೀರನ್ನು ಅದುಮುವ ಗಾಳಿಯ ಒತ್ತಡ ಕಡಿಮೆಯಾಗುತ್ತದೆ. ಒತ್ತಡ ಕಡಿಮೆಯಾದರೆ ನೀರು ಬೇಗ ಆವಿಯಾಗಿ ಏಳುತ್ತದೆ. ಸುಮಾರು 300 ಮೀಟರ್ ಏರಿದರೆ ಕುದಿಯುವ ಬಿಂದು ಒಂದು ಡಿಗ್ರಿ ಇಳಿಯುತ್ತದೆ. ನಿಮ್ಮ ಅಜ್ಜಿ ಕುಂದಾಪುರದಲ್ಲಿ ಗಂಜಿಗೆ ಇಡುವ ನೀರು 100ಕ್ಕೆ ಕುದಿಯುತ್ತದೆ. ನಿಮ್ಮ ಅಪ್ಪ ಇಲ್ಲಿ ಹೋಟೆಲಿನಲ್ಲಿ ಕಾಯಿಸುವ ನೀರು 98ಕ್ಕೆ. ಹುಸಿ 100 ಬರೆದ ಮಗುವಿಗೆ ಈ ಸಂಗತಿ ಎಂದಿಗೂ ತಿಳಿಯುವುದಿಲ್ಲ. ಕಂಡ 98ನ್ನು ಬರೆದ ಮಗು ತನ್ನ ಊರಿನ ಎತ್ತರವನ್ನೇ ಅಳೆದಂತಾಯಿತು.

ಇಂಥ ಕೆಲಸ ದೂರದ ದೇಶಗಳಲ್ಲಿ ಮಾತ್ರ ನಡೆದದ್ದು ಎಂದು ಭಾವಿಸಬೇಡಿರಿ. ನಮ್ಮ ಬೇಗಂಪೇಟೆಯಲ್ಲಿ ರೊನಾಲ್ಡ್ ರಾಸ್ ಎಂಬ ಸೈನ್ಯದ ವೈದ್ಯರಿದ್ದರು. ಮಲೇರಿಯಾ ಜ್ವರ ಹರಡುವುದು ಸೊಳ್ಳೆಯಿಂದಲೋ ಎಂಬುದು ಅವರ ಪ್ರಶ್ನೆ. ಎರಡು ವರ್ಷ ಸೊಳ್ಳೆಗಳನ್ನು ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡಿದರೂ ಏನೂ ಸಿಗಲಿಲ್ಲ. ಬೇಸಿಗೆಯ ಸೆಕೆಯಲ್ಲಿ ಪಂಖಾ ಬೀಸಿಸಿಕೊಳ್ಳುವಂತಿರಲಿಲ್ಲ, ಸೊಳ್ಳೆಗಳು ಹಾರಿಹೋಗುತ್ತಿದ್ದವು; ಹಣೆಯ ಬೆವರು ಬಿದ್ದು ಸೂಕ್ಷ್ಮದರ್ಶಕದ ತಿರುಪುಗಳು ತುಕ್ಕು ಹಿಡಿದವು. ಸಿಗಲಿಲ್ಲವೆಂಬುದನ್ನು ಸಿಗಲಿಲ್ಲವೆಂದೇ ಒಪ್ಪಿ, ಬೇರೆ ಜಾತಿಯ ಸೊಳ್ಳೆಯನ್ನು ಹಿಡಿದು ನೋಡಿದರು. 1897ರ ಆಗಸ್ಟ್ 20ರಂದು ಅಂಥ ಒಂದು ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಜೀವಿ ಕಾಣಿಸಿತು. 1902ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂದಿತು.

ಆ ಸೊಳ್ಳೆಗೆ ರಕ್ತ ಕೊಟ್ಟವನು ಹುಸೇನ್ ಖಾನ್ ಎಂಬ ಜ್ವರದ ರೋಗಿ. ಕಚ್ಚಿಸಿಕೊಂಡ ಒಂದೊಂದು ಸೊಳ್ಳೆಗೆ ಒಂದೊಂದಾಣೆ ಅವನಿಗೆ ಸಿಕ್ಕಿದ ಕೂಲಿ. ದೊಡ್ಡ ಬಹುಮಾನದ ಹಿಂದೆ ಒಂದಾಣೆಯ ಬಡವನೂ ಇದ್ದನೆಂಬುದನ್ನು ದುಡಿಯುವವರ ಮಕ್ಕಳಾದ ನೀವು ಮರೆಯಬಾರದು. ಅಂದು ಅವನು ಕೈ ಚಾಚಿದ. ರಾಸ್ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಇಂದು ನಮ್ಮ ಮಕ್ಕಳೂ ಸೂಕ್ಷ್ಮದರ್ಶಕಕ್ಕೆ ಕಣ್ಣಿಡಬೇಕು ಎಂಬುದೇ ಈ ತರಗತಿಯ ಆಸೆ.

ನಮ್ಮವರೇ ಆದ ಇನ್ನೊಬ್ಬರ ಮಾತು. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಈ ನಗರ ಕೊಚ್ಚಿಹೋಯಿತು. ಸಾವಿರಾರು ಜನ ಸತ್ತರು. ಅಫ್ಜಲ್‌ಗಂಜಿನ ಆಸ್ಪತ್ರೆಯ ಆವರಣದಲ್ಲಿ ಒಂದು ಹುಣಿಸೆಮರ ಹತ್ತಿದ ಸುಮಾರು 150 ಮಂದಿ ಬದುಕಿದರು. ಆ ಮರವನ್ನು ನಿಮಗೆ ತೋರಿಸುತ್ತೇವೆ. ಮರುವರ್ಷ ನಿಜಾಮರ ಸರ್ಕಾರ ಎಂ. ವಿಶ್ವೇಶ್ವರಯ್ಯನವರನ್ನು ಕರೆಸಿತು. ಎಲ್ಲಿ ಎಷ್ಟು ಮಳೆ ಬಿತ್ತು, ಎಷ್ಟು ನೀರು ಹರಿಯಿತು ಎಂದು ಅವರು ಲೆಕ್ಕ ಹಾಕಿ, ನಗರಕ್ಕೆ ಬರುವ ಮೊದಲೇ ಮೇಲ್ಗಡೆ ನೀರನ್ನು ಕಟ್ಟಿ ನಿಲ್ಲಿಸಬೇಕೆಂದು ಸಲಹೆ ಕೊಟ್ಟರು. ಅದರಂತೆ 1920ರಲ್ಲಿ ಉಸ್ಮಾನ್ ಸಾಗರವೂ 1927ರಲ್ಲಿ ಹಿಮಾಯತ್ ಸಾಗರವೂ ಮುಗಿದವು. ಮಳೆಯ ಅಳತೆಯನ್ನು ಯಾರೂ ಬರೆದಿಡದಿದ್ದರೆ ಆ ಲೆಕ್ಕಕ್ಕೆ ಆಧಾರವೆಲ್ಲಿ? ಆದುದರಿಂದ ನಿಮ್ಮ ನೋಟುಬುಕ್ಕಿನ ಒಂದು ಸಣ್ಣ ಅಂಕಿಯನ್ನೂ ಹಗುರವಾಗಿ ಕಾಣಬೇಡಿರಿ.

ನಮ್ಮ ಪ್ರಯೋಗಶಾಲೆ ಬಡವರ ಪ್ರಯೋಗಶಾಲೆ. ಇಲ್ಲಿರುವುದು ಒಂದು ಕಪಾಟು, ಎರಡು ಮೇಜು. ಆದರೆ ನಿಮ್ಮ ಮನೆಯವರ ಕೆಲಸದಲ್ಲೇ ವಿಜ್ಞಾನ ತುಂಬಿದೆ. ಹೋಟೆಲಿನಲ್ಲಿ ರುಬ್ಬಿಟ್ಟ ಇಡ್ಲಿ ಹಿಟ್ಟು ರಾತ್ರಿ ಬೆಳೆಯುವುದರೊಳಗೆ ಏಕೆ ಉಬ್ಬುತ್ತದೆ? ಕಣ್ಣಿಗೆ ಕಾಣದ ಜೀವಿಗಳು ಅದರಲ್ಲಿ ಗಾಳಿಯ ಗುಳ್ಳೆಗಳನ್ನು ಹುಟ್ಟಿಸುತ್ತವೆ. ಡಿಸೆಂಬರಿನ ಚಳಿಯಲ್ಲಿ ಅವು ನಿಧಾನಿಸುತ್ತವೆಯೆಂದೇ ಅಡಿಗೆಯವರು ಪಾತ್ರೆಯನ್ನು ಒಲೆಯ ಬಳಿ ಇಡುತ್ತಾರೆ. ಕಾದ ದೋಸೆಕಲ್ಲಿನ ಮೇಲೆ ನೀರಿನ ಹನಿ ಏಕೆ ಕುಣಿಯುತ್ತದೆ? ಹತ್ತಿ ನೂಲುವ ಗಿರಣಿಯಲ್ಲಿ ಗಾಳಿಗೆ ತೇವ ಕೊಡದಿದ್ದರೆ ನೂಲು ಏಕೆ ಹರಿಯುತ್ತದೆ? ಇವನ್ನು ಅಪ್ಪನನ್ನು, ಮಾವನನ್ನು ಕೇಳಿಕೊಂಡು ಬನ್ನಿರಿ. ಅವರ ಅನುಭವ ನಮ್ಮ ತರಗತಿಯ ಮೊದಲ ಪಾಠಪುಸ್ತಕ.

ಇನ್ನು ನಡತೆಯ ಮಾತು. ಮೂರು ಗಂಟೆಗೆ ಸರಿಯಾಗಿ ಬರಬೇಕು. ಒಂದು ನೋಟುಬುಕ್ಕು, ಒಂದು ಪೆನ್ಸಿಲು ಸಾಕು; ಅವು ಇಲ್ಲದವರಿಗೆ ಸಂಘವು ಕೊಡುತ್ತದೆ. ಬರೆದದ್ದರ ಪಕ್ಕ ತಾರೀಖು ಇರಬೇಕು. ತಪ್ಪಾದರೆ ಒಂದು ಗೆರೆ ಎಳೆಯಿರಿ, ಹಾಳೆ ಹರಿಯಬೇಡಿರಿ. ಪಕ್ಕದವನ ಅಂಕಿಯನ್ನು ನಕಲು ಮಾಡಬೇಡಿರಿ. ಬೆಂಕಿಯ ಹತ್ತಿರ ಕೂದಲು ಕಟ್ಟಿಕೊಳ್ಳಿರಿ, ದುಪಟ್ಟಾ ಸಿಕ್ಕಿಸಿಕೊಳ್ಳಿರಿ. ಸೀಸೆಯಲ್ಲಿರುವುದನ್ನು ನಾಲಗೆಗೆ ಮುಟ್ಟಿಸಬೇಡಿರಿ, ಮೂಗಿಟ್ಟು ಮೂಸಬೇಡಿರಿ. ವಿದ್ಯುತ್ತಿನ ತಂತಿಯನ್ನು ನಾವು ಹೇಳುವವರೆಗೆ ಮುಟ್ಟಬೇಡಿರಿ. ಗ್ಲಾಸು ತೊಳೆಯುವುದು ಹುಡುಗಿಯರಿಗೆ, ಪ್ರಯೋಗ ಮಾಡುವುದು ಹುಡುಗರಿಗೆ ಎಂಬ ಪದ್ಧತಿ ಇಲ್ಲಿಲ್ಲ; ಇಬ್ಬರೂ ಮಾಡಬೇಕು, ಇಬ್ಬರೂ ತೊಳೆಯಬೇಕು. ಯಾರ ಪ್ರಶ್ನೆಗೂ ಯಾರೂ ನಗಕೂಡದು. ಪುಸ್ತಕ ಹೇಳಿತು, ಮೊಬೈಲು ಹೇಳಿತು, ಮೇಷ್ಟ್ರು ಹೇಳಿದರು ಎಂಬುದಿಷ್ಟೇ ಸಾಲದು. ನೀವೇನು ನೋಡಿದಿರಿ ಎಂದು ನಾವು ಕೇಳುತ್ತೇವೆ. ನಮಗೆ ಉತ್ತರ ತಿಳಿಯದಿದ್ದರೆ ತಿಳಿಯದೆಂದು ಹೇಳಿ, ಹುಡುಕಿ ಮುಂದಿನ ವಾರ ತಿಳಿಸುತ್ತೇವೆ.

ತಾಯಿತಂದೆಗಳೇ, ನಿಮ್ಮಲ್ಲಿ ನಮ್ಮ ಬೇಡಿಕೆ ಮೂರು. ಮನೆಯಲ್ಲಿ ಮಗು 'ಏಕೆ' ಎಂದರೆ ಸುಮ್ಮನಿರು ಎಂದು ಗದರಬೇಡಿರಿ. ದಣಿದಿರುತ್ತೀರಿ, ನಿಜ; ನಾಳೆ ಹೇಳುತ್ತೇನೆ ಎನ್ನಿರಿ, ಅಷ್ಟೇ ಸಾಕು. ಎರಡನೆಯದು, ಎಂಟನೆಯ ತರಗತಿಗೆ ಬಂದಳೆಂದು ಮಗಳನ್ನು ಮನೆಯಲ್ಲಿ ನಿಲ್ಲಿಸಿಕೊಳ್ಳಬೇಡಿರಿ. ಮೂರನೆಯದು, ಗಿರಾಕಿ ಹೆಚ್ಚಿದ ಭಾನುವಾರ ಮಗನನ್ನು ಲೋಟ ಎತ್ತಲು ಕರೆಯಬೇಡಿರಿ. ಹೋಟೆಲಿನಲ್ಲಿ 14 ವರ್ಷದೊಳಗಿನ ಮಕ್ಕಳನ್ನು ದುಡಿಸಿಕೊಳ್ಳುವುದಕ್ಕೆ 2006ರ ಅಕ್ಟೋಬರಿನಿಂದಲೇ ನಿಷೇಧವಿದೆ. ಆದರೆ ಕಾನೂನಿಗಿಂತ ದೊಡ್ಡದು ನಮ್ಮ ನೆನಪು. ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿ ಸ್ಲೇಟು ಹಿಡಿಯುವ ಕೈಯಲ್ಲಿ ಲೋಟ ತೊಳೆದವರು. ಅವರು ಊರು ಬಿಟ್ಟು ಬಂದು ದುಡಿದದ್ದು, ಮಕ್ಕಳು ಮತ್ತೆ ಅದೇ ತೊಟ್ಟಿಯ ಮುಂದೆ ನಿಲ್ಲಲಿ ಎಂದಲ್ಲ.

ಈ ನಗರದಲ್ಲಿ ದೊಡ್ಡ ದೊಡ್ಡ ಸಂಶೋಧನಾಲಯಗಳಿವೆ. ಹಬ್ಸಿಗುಡದ ದಾರಿಯಲ್ಲಿ ಬಸ್ಸಿನ ಕಿಟಕಿಯಿಂದ ಅವುಗಳ ಗೇಟನ್ನು ನಾವೆಲ್ಲ ನೋಡಿದ್ದೇವೆ. ಅದು ಬೇರೆ ಯಾರದೋ ಲೋಕವೆಂದು ಮುಂದೆ ಹೋಗಿದ್ದೇವೆ. ಆ ಗೇಟಿನೊಳಗೆ ಕೆಲಸಮಾಡುವವರೂ ಒಂದು ದಿನ ಆರನೆಯ ತರಗತಿಯ ಮಕ್ಕಳೇ ಆಗಿದ್ದರು. ನಿಮ್ಮಲ್ಲಿ ಎಲ್ಲರೂ ವಿಜ್ಞಾನಿಗಳಾಗುವಿರೆಂದು ನಾವು ಹೇಳುವುದಿಲ್ಲ. ಅಡಿಗೆಯವರಾಗಿರಿ, ಫಿಟ್ಟರ್ ಆಗಿರಿ, ದಾದಿಯಾಗಿರಿ. ಕಣ್ಣಿಗೆ ಕಂಡದ್ದನ್ನು ಹೆದರದೆ ಹೇಳುವವರಾದರೆ ಈ ತರಗತಿ ಸಾರ್ಥಕವಾದಂತೆಯೇ.

ಮುಂದಿನ ಭಾನುವಾರ ನೀರು ಕಾಯಿಸೋಣ. ನೋಟುಬುಕ್ಕು ಮರೆಯದೆ ತನ್ನಿರಿ.