ಸೊನ್ನೆಯೂ ಒಂದು ಉತ್ತರ



ಮಕ್ಕಳೇ, ಮೊದಲು ಒಂದು ತಪ್ಪು ಒಪ್ಪಿಕೊಳ್ಳುತ್ತೇನೆ. ಇದೇ ಶಾಲೆಯಲ್ಲಿ ಲೋಲಕದ ಪ್ರಯೋಗದ ಲೆಕ್ಕ ಸರಿಬಾರದಿದ್ದಾಗ, ಪಕ್ಕದವನ ಅಂಕಿ ನೋಡಿ ಬರೆದಿದ್ದೆ.

ಇಂದು ರಾತ್ರಿ ಮಾಳಿಗೆ ಹತ್ತಿ ಆಕಾಶ ನೋಡಿ. ವಿಶ್ವದಲ್ಲಿ ನಕ್ಷತ್ರ, ಗ್ರಹ, ಅನಿಲ, ಧೂಳು ಎಲ್ಲ ಸೇರಿದ್ದಕ್ಕಿಂತ ಸುಮಾರು ಐದು ಪಟ್ಟು ವಸ್ತು ಕಣ್ಣಿಗೆ ಕಾಣುವುದಿಲ್ಲ. ಗೆಲಾಕ್ಸಿಗಳು ಸುತ್ತುವ ವೇಗದಿಂದ ಅದರ ಸುಳಿವು ಸಿಕ್ಕಿತು. ಅದೇ ಕಪ್ಪು ದ್ರವ್ಯ.

ಅದು ಆಕ್ಸಿಯಾನ್ ಎಂಬ ಅತಿ ಹಗುರ ಕಣಗಳಿರಬಹುದೆಂದು ಒಂದು ಊಹೆ. ಅಮೆರಿಕದ ಎಡಿಎಂಎಕ್ಸ್ ಪ್ರಯೋಗ ಅದನ್ನು ಹುಡುಕುವುದು, ಅಜ್ಜ ರೇಡಿಯೋ ತಿರುಗಿಸಿ ಧಾರವಾಡ ಆಕಾಶವಾಣಿ ಹಿಡಿದಂತೆ. ಬಲವಾದ ಅಯಸ್ಕಾಂತದೊಳಗಿನ ಲೋಹದ ಪೆಟ್ಟಿಗೆಯನ್ನು ಒಂದೊಂದೇ ಕಂಪನಾಂಕಕ್ಕೆ ಹೊಂದಿಸುತ್ತಾರೆ. ಆಕ್ಸಿಯಾನ್ ಮೈಕ್ರೋವೇವ್ ಆಗಿ ಬದಲಾದರೆ, ಅತಿ ಶೀತದಲ್ಲಿಟ್ಟ ಕ್ವಾಂಟಮ್ ಸಾಧನ ಆ ಕ್ಷೀಣ ದನಿ ಹಿಡಿಯಬೇಕು. ಇನ್ನೂ ಸಿಕ್ಕಿಲ್ಲ. ಎಲ್ಲೆಲ್ಲಿ ಸಿಗಲಿಲ್ಲವೆಂದು ಬರೆದಿಟ್ಟು ಮುಂದೆ ಹೋಗುತ್ತಾರೆ.

ಆ ಬರೆದಿಡುವುದರ ಬೆಲೆಯನ್ನು ನಮ್ಮ ಕೋಲಾರವೇ ತೋರಿಸಿದೆ. 1960ರ ದಶಕದಲ್ಲಿ ವಿಜ್ಞಾನಿಗಳು ಚಿನ್ನದ ಗಣಿಗೆ ಇಳಿದು, ಬೇರೆ ಬೇರೆ ಆಳಗಳಲ್ಲಿ ವಿಶ್ವಕಿರಣದ ಕಣಗಳನ್ನು ಎಣಿಸಿದರು. ತೀರಾ ಆಳದಲ್ಲಿ 2 ತಿಂಗಳು ಕಾದರೂ ಲೆಕ್ಕ ಸೊನ್ನೆ. ಅವರು ಸೊನ್ನೆಯನ್ನೇ ಬರೆದರು. ಗದ್ದಲವಿಲ್ಲದ ಜಾಗ ಇದೆಂದು ಅದರಿಂದ ತಿಳಿಯಿತು. 1965ರಲ್ಲಿ ಅದೇ ಗಣಿಯ ಸುಮಾರು 2.3 ಕಿ.ಮೀ. ಆಳದಲ್ಲಿ, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೋಗಳ ಗುರುತು ಸಿಕ್ಕಿತು.

ಸಾಫ್ಟ್‌ವೇರ್ ಕೆಲಸದಲ್ಲೂ ನನ್ನ ಅರ್ಧ ದಿನ, ತಪ್ಪು ಎಲ್ಲಿಲ್ಲ ಎಂದು ತಿಳಿಯುವುದರಲ್ಲೇ ಕಳೆಯುತ್ತದೆ. ಆದ್ದರಿಂದ ಮಕ್ಕಳೇ, ನಿಮಗೆ ಬಂದ ಅಂಕಿಯನ್ನೇ ಬರೆಯಿರಿ. ಸೊನ್ನೆ ಬಂದರೆ ಸೊನ್ನೆಯನ್ನೇ ಬರೆದು, ಯಾಕೆಂದು ಗುರುಗಳನ್ನು ಕೇಳಿ. ನಾನು ಅಂದು ಕೇಳಲಿಲ್ಲ.